ಚೆನ್ನಾಗಿ ಸುಟ್ಟ ಬೂದಿ

ಅಕ್ಕಿ ಗಿರಣಿಯ ಹಿಂದಿನ ಬೀದಿಯಲ್ಲಿ ಬಟ್ಟೆ ಒಣಹಾಕುವ ಮುಂಚೆ ಗಾಳಿ ಯಾವ ಕಡೆಗಿದೆ ಎಂದು ನೋಡಿಕೊಳ್ಳಲೇಬೇಕು. ನೋಡದೆ ಹಾಕಿದಿರೋ, ಬಿಳಿ ಅಂಗಿ ಸಂಜೆಗೆ ಬೂದು ಅಂಗಿಯಾಗಿ ಕೈಗೆ ಬರುತ್ತದೆ. ಗಿರಣಿಯಲ್ಲಿ ಭತ್ತ ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಬೆಂಕಿ ಬೇಕು, ಬೆಂಕಿಗೆ ಭತ್ತದ ಹೊಟ್ಟು ಬೇಕಾದಷ್ಟಿದೆ. ಹೊಟ್ಟು ಉರಿದ ಮೇಲೆ ಉಳಿಯುವ ಬೂದಿ ಮಾತ್ರ ಯಾರಿಗೂ ಬೇಡ. ಗಿರಣಿಯವರು ಅದನ್ನು ಹಿತ್ತಲಿಗೆ ಸುರಿದು ಸುರಿದು ಈಗ ಅಲ್ಲೊಂದು ಗುಡ್ಡವೇ ಎದ್ದಿದೆ. ಆ ಬೂದಿ ಬೀದಿಯವರ ಕಿಟಕಿ, ಪಾತ್ರೆ, ಹಾಸಿಗೆ, ಮೂಗು ಎಲ್ಲದರಲ್ಲೂ ಮನೆಯವರ ಹಾಗೆ ಸೇರಿಕೊಂಡಿದೆ. ಬಾಡಿಗೆ ಒಂದು ಕೊಡುವುದಿಲ್ಲ, ಅಷ್ಟೆ.

ಆ ಬೆಂಕಿ ನೋಡಿಕೊಳ್ಳುವವನು ಬಾಯ್ಲರಣ್ಣ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ ಅನ್ನಿ. ಆದರೆ ಈಗ ಹೆತ್ತ ತಾಯಿಯನ್ನೇ ಕೇಳಿದರೂ ಅವಳು ಒಂದು ಗಳಿಗೆ ಯೋಚಿಸಿಯೇ ಹೇಳಿಯಾಳು. ಮೀಸೆ ಮೂಡುವ ಮುಂಚೆ ಒಲೆಯ ಬಾಯಿಗೆ ಬಂದು ನಿಂತವನು ಮೀಸೆ ನರೆತರೂ ಅಲ್ಲೇ ನಿಂತಿದ್ದಾನೆ. ಅವನ ಹೆಂಡತಿ ಊರಾಚೆಯ ಅಚ್ಚಿನ ಅಂಗಳದಲ್ಲಿ ಕಾಂಕ್ರೀಟ್ ಕಲಸುವವಳು. ಚರಂಡಿ ಮುಚ್ಚುವ ಚಪ್ಪಡಿ, ಬೇಲಿಯ ಕಂಬ, ನೀರಿನ ತೊಟ್ಟಿ, ಇಂಥವನ್ನೆಲ್ಲ ಅಚ್ಚಿಗೆ ಸುರಿದು ತೆಗೆಯುವ ಕೆಲಸ. ಅವಳಿಗೆ ಬೂದಿಯಕ್ಕ ಎಂದು ಹೆಸರು ಬಿದ್ದದ್ದು ಹೇಗೆ, ಆ ಹೆಸರು ಅವಳಿಗೆ ಏನು ಕೊಟ್ಟಿತು ಎಂಬುದೇ ಈ ಕಥೆ. ಕೇಳಿದ ಮೇಲೆ ಯಾಕಾದರೂ ಕೇಳಿದೆವೋ ಅನ್ನಿಸಿದರೆ ನನ್ನನ್ನು ದೂರಬೇಡಿ.

ಬಾಯ್ಲರಣ್ಣನಿಗೆ ಕೆಮ್ಮು. ಸಣ್ಣ ಕೆಮ್ಮಲ್ಲ. ಬೀದಿಯ ತುದಿಯಲ್ಲಿ ಅದು ಕೇಳಿಸಿತೆಂದರೆ ಗಿರಣಿಯ ಪಾಳಿ ಬದಲಾಯಿತು ಎಂದು ಜನ ಒಲೆಗೆ ಪಾತ್ರೆ ಇಡುತ್ತಿದ್ದರು. ಹೆಂಡತಿ ಹಟ ಹಿಡಿದು ಒಂದು ದಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಅವನ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಆ ಬಾಯ್ಲರ್ ಕೋಣೆ ಬಿಟ್ಟುಬಿಡಿ. ಧೂಳಿಲ್ಲದ ಕಡೆ ಏನಾದ್ರೂ ಕೆಲಸ ನೋಡ್ಕೊಳ್ಳಿ. ಮುಂದೆ ನೋಡೋಣ ಅಂತ ಕೂತ್ಕೋಬೇಡಿ" ಅಂದರು.

ದಾರಿಯುದ್ದಕ್ಕೂ ಬಾಯ್ಲರಣ್ಣ ನಗುತ್ತಲೇ ಬಂದ. "ಡಾಕ್ಟ್ರಿಗೇನು, ಬಾಯಿ ಬಿಟ್ರಾಯ್ತು. ಬಿಟ್ಟು ಏನ್ಮಾಡ್ಲಿ? ನಿನ್ನ ಮುಖ ನೋಡ್ಕೊಂಡು ಮನೇಲಿ ಕೂರ್ಲಾ?"

"ನನ್ನ ಮುಖಕ್ಕೇನಾಗಿದೆ?" ಅಂದಳು ಹೆಂಡತಿ.

"ಏನೂ ಆಗಿಲ್ಲ ಮಾರಾಯ್ತಿ. ನೋಡೋಕೆ ಸಂಬಳ ಯಾರೂ ಕೊಡಲ್ಲ, ಅದಕ್ಕೆ ಅಂದೆ."

ಅವಳೂ ನಕ್ಕಳು. ಆದರೆ ಆವತ್ತಿನಿಂದ ಆ ಫೋಟೋ ಅವಳ ಕಣ್ಣಿನ ಮುಂದಿಂದ ಹೋಗಲಿಲ್ಲ. ಕರಿ ಹಾಳೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ, ಯಾರೋ ಎದೆಯೊಳಗೆ ಬೂದಿ ಚಿಮುಕಿಸಿದ ಹಾಗೆ. ಕಲಸುವಾಗಲೂ ಅದೇ, ಉಣ್ಣುವಾಗಲೂ ಅದೇ. ಇವರನ್ನು ಆ ಒಲೆಯಿಂದ ಹೊರಗೆ ತರಬೇಕು. ಅವಳಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ, ಇದೊಂದೇ.

ಹೀಗಿರುವಾಗ ಪಾಲಿಟೆಕ್ನಿಕ್‌ನಿಂದ ಒಬ್ಬಳು ಮೇಡಂ ಅಚ್ಚಿನ ಅಂಗಳಕ್ಕೆ ಬಂದಳು. ಕಾಂಕ್ರೀಟ್ ಪರೀಕ್ಷೆ ಮಾಡುವ ಲ್ಯಾಬು ಅವಳದು. ಸಿಮೆಂಟ್ ಕಡಿಮೆ ಹಾಕಿ ಆ ಜಾಗಕ್ಕೆ ಹೊಟ್ಟಿನ ಬೂದಿ, ಜಲ್ಲಿ ಕಡಿಮೆ ಮಾಡಿ ಆ ಜಾಗಕ್ಕೆ ಕಬ್ಬಿಣದ ಕಾರ್ಖಾನೆಯವರು ಬಿಸಾಡುವ ಕಿಟ್ಟ ಹಾಕಿ ಚಪ್ಪಡಿ ಮಾಡಿದರೆ ನಿಲ್ಲುತ್ತದಾ ಎಂದು ನೋಡಬೇಕಂತೆ. ಅಂಗಳದ ಮೇಸ್ತ್ರಿ ಮೂಗು ಮುರಿದ. ಪಾತ್ರೆ ತಿಕ್ಕುವ ಬೂದಿಯಲ್ಲಿ ಚಪ್ಪಡಿ ಮಾಡಿದರೆ ಚರಂಡಿಯೂ ಫಳಫಳ ಹೊಳೆದೀತು ಅಂದ. ಎಲ್ಲರೂ ನಕ್ಕರು. ಬಾಯ್ಲರಣ್ಣನ ಹೆಂಡತಿ ಮಾತ್ರ ನಗಲಿಲ್ಲ. "ಬೂದಿ ತಾನೆ ಮೇಡಂ? ನಮ್ಮನೆ ಹಿಂದೆ ಗುಡ್ಡ ಇದೆ. ಎಷ್ಟು ಚೀಲ ಬೇಕು ಹೇಳಿ" ಅಂದಳು.

ಗುಡ್ಡದ ಹೊಟ್ಟೆಯಲ್ಲಿ, ಮಳೆ ಮಣ್ಣು ತಾಕದ ಕಡೆ, ಕೈಯಲ್ಲೇ ಗೋರಿ ಗೋರಿ ಒಳ್ಳೆಯ ಬೂದಿ ಆರಿಸಿದಳು. ಒಳಗೊಳಗೇ ಮಂದವಾಗಿ ಕನಲಿ ಬೂದುಬಣ್ಣಕ್ಕೆ ತಿರುಗಿದ, ಹಿಡಿದರೆ ಬೆರಳಸಂದಿಯಲ್ಲಿ ಜಾರುವ ಬೂದಿ. ಜರಡಿ ಹಿಡಿದು ತಲೆಯ ಮೇಲೆ ಹೊತ್ತು ತಂದಳು. ಬೀದಿಯ ಹೆಂಗಸರು ಆವತ್ತೇ ಅವಳಿಗೆ ಬೂದಿಯಕ್ಕ ಎಂದು ಹೆಸರಿಟ್ಟುಬಿಟ್ಟರು. ಆ ಬೂದಿ ಕಲಸುವುದು ಸುಲಭದ ಮಾತಾಗಿರಲಿಲ್ಲ. ನೀರು ಹಾಕಿದಷ್ಟೂ ಕುಡಿಯುತ್ತಿತ್ತು, ಕುಡಿದು ಇನ್ನೂ ಬೇಕು ಅನ್ನುತ್ತಿತ್ತು. ನೀರು ಹೆಚ್ಚಾದರೆ ಕೆಟ್ಟಿತು, ಕಡಿಮೆಯಾದರೆ ಅಚ್ಚಿನ ಮೂಲೆಗೆ ಇಳಿಯದು. ಮೇಡಂ ಪಕ್ಕದಲ್ಲೇ ಕೂತು ಹೇಳಿಕೊಡುತ್ತಿದ್ದಳು, ಇವಳು ಕಲಸುತ್ತಿದ್ದಳು. ಪರೀಕ್ಷೆಗೆಂದು ಅಚ್ಚಿಗೆ ಹೊಯ್ದು ಗಟ್ಟಿಯಾದ ಪುಟ್ಟ ಕ್ಯೂಬುಗಳನ್ನು ಲ್ಯಾಬಿನ ಯಂತ್ರದ ಬಾಯಿಗಿಟ್ಟು ಒತ್ತಿದರು. ಮೊದಲಿನವು ಪುಡಿಪುಡಿಯಾದವು. ಆಮೇಲಿನವು ಹೋಗಲೋ ಬೇಡವೋ ಎಂದು ತಡೆದವು. ಕೊನೆಯವು ಬರಿಯ ಸಿಮೆಂಟಿನ ಕ್ಯೂಬಿಗೆ ಸಮನಾಗಿ ನಿಂತವು. ಮೇಡಂ ಬೂದಿಯಕ್ಕನ ಎರಡೂ ಕೈ ಹಿಡಿದುಕೊಂಡು, "ಇದು ಬೂದಿ ಅಲ್ಲ ಅಕ್ಕ, ಜೀವ ಇದೆ ಇದಕ್ಕೆ" ಅಂದಳು.

ಬೂದಿಯಕ್ಕನಿಗೆ ಕಣ್ಣು ತುಂಬಿತು. ಜೀವಗೀವ ಅವಳಿಗೆ ಗೊತ್ತಿಲ್ಲ. ಒಂದು ದಾರಿ ಕಂಡಿತ್ತು, ಅಷ್ಟು ಸಾಕಿತ್ತು.

ಮೇಡಂ ಜೊತೆಗೆ ಅವಳು ಗಿರಣಿಯ ಧಣಿಯ ಮುಂದೆ ಹೋಗಿ ನಿಂತಳು. ಧಣಿ ಕೆಟ್ಟ ಮನುಷ್ಯ ಎಂದು ಹೇಳಿದರೆ ನನ್ನ ಬಾಯಿಗೆ ಹುಳ ಬಿದ್ದೀತು. ನಯವಾದ ಮಾತು, ಎದುರಿಗೆ ಬಂದವರಿಗೆ ಕುರ್ಚಿ. ಬೂದಿಯ ಗುಡ್ಡದ ದೆಸೆಯಿಂದ ಅವನಿಗೂ ನಗರಸಭೆಯಿಂದ ದಿನಾ ಕಿರಿಕಿರಿ ಇತ್ತು. ಮೇಡಂ ಹೇಳಿದ್ದನ್ನೆಲ್ಲ ಕೇಳಿ ಗಲ್ಲ ಸವರಿಕೊಂಡ. ಮಾರುಕಟ್ಟೆ ರಸ್ತೆಯ ಚರಂಡಿಗೆ ಚಪ್ಪಡಿ ಬೇಕಾಗಿದೆ, ನಗರಸಭೆಯವರಿಗೆ ಹೇಳಿ ಮೊದಲ ಸರದಿ ಇದರಲ್ಲೇ ಮಾಡಿಸೋಣ, ನಿಂತರೆ ಗಿರಣಿಯ ಪಕ್ಕದಲ್ಲೇ ಒಂದು ಅಚ್ಚಿನ ಅಂಗಳ ತೆಗೆಯೋಣ, ನೀನೇ ನೋಡಿಕೋ ಅಂದ.

"ನನಗೊಂದು ಕೇಳೋದಿದೆ ಧಣಿ" ಅಂದಳು ಬೂದಿಯಕ್ಕ. ಜೀವಮಾನದಲ್ಲಿ ಅವಳು ಯಾರ ಮುಂದೆಯೂ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. "ಅಂಗಳ ತೆಗೆದ್ರೆ ಚಪ್ಪಡಿಗೆ ನೀರುಣಿಸೋಕೆ ಒಬ್ಬರು ಬೇಕು. ಆ ಕೆಲಸಕ್ಕೆ ನಮ್ಮನೆಯವರನ್ನ ಹಾಕ್ಬೇಕು. ಬಾಯ್ಲರಿಗೆ ಬೇರೆಯವರನ್ನ ನೋಡ್ಕೊಳ್ಳಿ."

ಧಣಿ ನಕ್ಕ. "ಅಷ್ಟೇನಾ? ಚಪ್ಪಡಿ ನಿಲ್ಲಲಿ, ನಿನ್ನ ಗಂಡ ಮಾರನೇ ದಿನವೇ ಅಂಗಳಕ್ಕೆ ಬರ್ತಾನೆ. ಬಾಯ್ಲರಿಗೇನು, ಹೊಟ್ಟು ನೂಕೋ ಕೆಲಸ. ಯಾರಾದ್ರೂ ಮಾಡ್ತಾರೆ."

ಮನೆಗೆ ಬಂದು ಹೇಳಿದಾಗ ಬಾಯ್ಲರಣ್ಣ ನಂಬಲಿಲ್ಲ. ಅವನ ತಾಯಿ ಮೂಲೆಯಲ್ಲಿ ಗೋಣಿಚೀಲ ಹೊಲಿಯುತ್ತಾ ಕೂತಿದ್ದಳು. ಬಾಯಿ ಸುಮ್ಮನಿದ್ದರೆ ಊಟ ಸೇರದ ಮುದುಕಿ. "ಬೆಂಕಿ ಮುಂದೆ ಬೆಳೆದವನನ್ನ ನೀರಿಗೆ ಹಾಕ್ತೀಯಾ? ಮೊದಲನೇ ದಿನವೇ ನೆಗಡಿ ಹಿಡಿಸ್ಕೊಂಡು ಬರ್ತಾನೆ ನೋಡು" ಅಂದಳು.

"ನೆಗಡಿ ಬರ್ಲಿ ಬಿಡಿ ಅತ್ತೆ. ನೆಗಡಿ ಹೋಗುತ್ತೆ" ಅಂದಳು ಬೂದಿಯಕ್ಕ.

ಮುದುಕಿ ಸೂಜಿ ನಿಲ್ಲಿಸಿ ಸೊಸೆಯ ಮುಖ ನೋಡಿದಳು. ಆಮೇಲೆ ದಾರ ಪೋಣಿಸಿಕೊಂಡಳು.

ಮಾರುಕಟ್ಟೆ ರಸ್ತೆಗೆ ಬೇಕಾದಷ್ಟು ಚಪ್ಪಡಿಗೆ ಗುಡ್ಡದ ಬೂದಿ ಆಗುತ್ತಿರಲಿಲ್ಲ. ಆರಿಸಿದ ಜಾಗ ಬಿಟ್ಟರೆ ಉಳಿದದ್ದೆಲ್ಲ ಮಣ್ಣು, ಪ್ಲಾಸ್ಟಿಕ್ಕು, ಕಲ್ಲು. ಮೇಡಂ ಆಗ ಯಾವುದೋ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಳು. ಬೂದಿಯಕ್ಕ ಫೋನಿನಲ್ಲಿ ಕೇಳಿದಳು.

"ಗುಡ್ಡದ್ದು ಬೇಡ ಅಕ್ಕ. ಬಾಯ್ಲರಿಂದ ಹೊಸದಾಗಿ ತೆಗೆಸಿ" ಅಂದಳು ಮೇಡಂ. ಹಿಂದೆ ಬಸ್ಸಿನ ಸದ್ದು. "ಆದ್ರೆ ಕಪ್ಪಗಿರೋದು ಹಾಕ್ಬೇಡಿ. ಕಪ್ಪಗಿದ್ರೆ ಅರ್ಧಂಬರ್ಧ ಉರಿದಿದೆ ಅಂತ. ಚೆನ್ನಾಗಿ ಸುಟ್ಟ ಬೂದಿ ಬೇಕು. ನಿಮ್ಮೆಜಮಾನ್ರಿಗೆ ಹೇಳಿ."

"ಹೇಳ್ತೀನಿ ಮೇಡಂ."

ಹೇಳಿದಳು. ಆವತ್ತು ಸಂಜೆ, ಅವನು ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತಾಗ, ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹೇಳಿದಳು. "ಚೆನ್ನಾಗಿ ಸುಡಬೇಕಂತೆ ರೀ."

ಈಗ ನೀವೇ ಹೇಳಿ. ಚೆನ್ನಾಗಿ ಅಂದರೆ ಏನು? ಚೆನ್ನಾಗಿ ಉಂಡ ಅಂದರೆ ಹೊಟ್ಟೆ ಬಿರಿಯ ಉಂಡ. ಚೆನ್ನಾಗಿ ನಿದ್ದೆ ಮಾಡಿದ ಅಂದರೆ ಡೋಲು ಬಡಿದರೂ ಏಳಲಿಲ್ಲ. ಚೆನ್ನಾಗಿ ಬೈದಳು ಅಂದರೆ ಒಂದು ಮಾತೂ ಬಾಕಿ ಇಡಲಿಲ್ಲ. ಒಲೆಯ ಮುಂದೆಯೇ ಬದುಕು ಸವೆಸಿದವನಿಗೆ ಚೆನ್ನಾಗಿ ಸುಡು ಅಂದರೆ ಅವನಿಗೆ ಅರ್ಥವಾಗುವುದು ಒಂದೇ. ಬಾಯ್ಲರಣ್ಣ ಕೈ ಕೊಡವಿಕೊಂಡು ನೆಟ್ಟಗೆ ಕೂತ.

"ಸುಡೋದಾ? ನಂಗೆ ಹೇಳ್ಕೊಡ್ಬೇಕಾ ಸುಡೋದನ್ನ? ಇಷ್ಟು ವರ್ಷ ಧಣಿ ಹಬೆ ಕೇಳ್ತಿದ್ರು, ಹಬೆ ಕೊಟ್ಟೆ. ಬೂದಿ ಹೇಗಿರ್ಬೇಕು ಅಂತ ಯಾರೂ ಕೇಳಿರ್ಲಿಲ್ಲ. ಈಗ ನೀನು ಕೇಳ್ತಿದ್ದೀಯ. ತೋರಿಸ್ತೀನಿ ಇರು."

ತೋರಿಸಿದ. ಮೊದಲು ಹೊಟ್ಟನ್ನು ರಾಶಿರಾಶಿಯಾಗಿ ಒಲೆಗೆ ನೂಕಿ ಅದರ ಪಾಡಿಗೆ ಅದು ಉರಿಯಲಿ ಎಂದು ಬಿಟ್ಟು ಬೀಡಿ ಸೇದುತ್ತಿದ್ದವನು ಈಗ ಬೀಡಿಯನ್ನೇ ಬಿಟ್ಟ. ತೂರಿದ ಹಾಗೆ ತೆಳ್ಳಗೆ ತೆಳ್ಳಗೆ ಹೊಟ್ಟು ಹಾಕಿದ, ಗಾಳಿ ನೂಕುವ ಫ್ಯಾನಿನ ಬಾಗಿಲು ಪೂರ್ತಿ ತೆರೆದ, ಉದ್ದನೆಯ ಸಲಾಕೆ ಹಿಡಿದು ಒಲೆಯ ಬಾಯಲ್ಲೇ ನಿಂತು ಕೆದಕಿದ. ಬೆಂಕಿ ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ತಿರುಗುವವರೆಗೂ ಬಿಡಲಿಲ್ಲ. ಪಾಳಿ ಮುಗಿದು ಮನೆಗೆ ಬರುವಾಗ ಒಂದು ಡಬ್ಬಿ ಬೂದಿ ತಂದು ಹೆಂಡತಿಯ ಮುಂದೆ ಇಟ್ಟ. ಹಿಟ್ಟಿನಷ್ಟು ಬೆಳ್ಳಗಿತ್ತು. ಒಂದು ಕರಿಚುಕ್ಕೆ ಹುಡುಕಿದರೂ ಸಿಗದು.

"ಹೇಗಿದೆ?" ಅಂದ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮಿನ ನಡುವೆಯೇ ನಗುತ್ತಿದ್ದ.

"ಮುಖಕ್ಕೆ ಹಚ್ಕೋಬಹುದಲ್ಲೋ ಇದನ್ನ" ಅಂದಳು ಮುದುಕಿ. "ನಿನ್ನ ಮದುವೇಲಿ ನಿನ್ನ ಹೆಂಡತಿ ಹಚ್ಕೊಂಡಿದ್ದ ಪೌಡರ್ ಕೂಡ ಇಷ್ಟು ಬೆಳ್ಳಗಿರ್ಲಿಲ್ಲ."

ಬೂದಿಯಕ್ಕನ ಎದೆ ಉಬ್ಬಿತು. ಮದುವೆಯಾಗಿ ಇಷ್ಟು ಕಾಲವಾಗಿತ್ತು, ಗಂಡ ಅವಳಿಗೆಂದು ಇಷ್ಟು ಮನಸ್ಸಿಟ್ಟು ಏನನ್ನೂ ಮಾಡಿರಲಿಲ್ಲ. ಮಾಡುವುದಕ್ಕೆ ಅವನ ಹತ್ತಿರ ಇದ್ದದ್ದಾದರೂ ಏನು? ಈಗ ಇದ್ದದ್ದರಲ್ಲೇ ಮಾಡಿದ್ದ. ಡಬ್ಬಿಯ ಮುಚ್ಚಳ ಹಾಕಿ, ಅವನ ಬೆನ್ನು ನೀವಿ, "ಇನ್ನು ಸ್ವಲ್ಪ ದಿನ ರೀ. ಆಮೇಲೆ ನೆರಳಲ್ಲಿ ನಿಂತು ಪೈಪ್ ಹಿಡಿಯೋದು ಅಷ್ಟೇ ನಿಮ್ಮ ಕೆಲಸ" ಅಂದಳು.

ಕಲಸುವ ದಿನ ಅಂಗಳದಲ್ಲಿ ಹಬ್ಬದ ಗದ್ದಲ. ಕಂಬಿ ಹೆಣೆದ ಅಚ್ಚುಗಳನ್ನು ಸಾಲಾಗಿ ಜೋಡಿಸಿದ್ದರು. ಕಾರ್ಖಾನೆಯ ಕಿಟ್ಟ ಒಂದು ಕಡೆ ಕರ್ರಗೆ, ಬಾಯ್ಲರಣ್ಣನ ಬೂದಿ ಇನ್ನೊಂದು ಕಡೆ ಬೆಳ್ಳಗೆ. ಕಲಸುವ ಯಂತ್ರಕ್ಕೆ ಬೂದಿಯಕ್ಕ ನೀರು ಹಾಕಿದಳು. ಹಾಕಿ, ಕೈ ತಡೆದಳು. ಮೊದಲಿನ ಬೂದಿಯ ಹಾಗೆ ಇದು ನೀರು ಕೇಳಲಿಲ್ಲ. ಕೊಟ್ಟಷ್ಟಕ್ಕೆ ಸುಮ್ಮನಾಗಿ, ಮಿಶ್ರಣ ಹದವಾಗಿ ಹರಿದು ಅಚ್ಚಿನ ಮೂಲೆಮೂಲೆಗೂ ತಾನಾಗಿ ಇಳಿಯಿತು.

"ಏನಿದು, ಇಷ್ಟು ಸುಲಭ ಆಗ್ಬಿಡ್ತು?" ಅಂದಳು.

"ನಿನ್ನ ಗಂಡನ ಕೈಗುಣ" ಅಂದ ಮೇಸ್ತ್ರಿ. ಈಗ ಅವನೂ ಪಕ್ಷ ಬದಲಾಯಿಸಿದ್ದ.

ಅವಳು ಯಂತ್ರದೊಳಗೆ ಬಗ್ಗಿ ನೋಡಿದಳು. ಕುಡಿಯಬೇಕಾದ್ದು ಯಾಕೆ ಕುಡಿಯುತ್ತಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕಷ್ಟಪಟ್ಟು ಕಷ್ಟಪಟ್ಟು ಅಭ್ಯಾಸವಾದವರಿಗೆ ಒಂದು ಕೆಲಸ ಸಲೀಸಾಗಿ ಆಗಿಬಿಟ್ಟರೆ ಅದನ್ನು ಪ್ರಶ್ನೆ ಮಾಡುವ ಧೈರ್ಯ ಬರುವುದಿಲ್ಲ. ಇವಳಿಗೂ ಬರಲಿಲ್ಲ. ಮೇಡಂಗೆ ಫೋನ್ ಮಾಡೋಣ ಅಂದುಕೊಂಡವಳು, ಒಳ್ಳೆಯದಾಗಿದ್ದಕ್ಕೆ ಯಾರಾದರೂ ಫೋನ್ ಮಾಡುತ್ತಾರಾ ಎಂದು ಸುಮ್ಮನಾದಳು.

ಗೋಣಿ ಹೊದಿಸಿ, ನೀರು ಹಾಕಿ, ಕೂಸು ಸಾಕಿದ ಹಾಗೆ ಆ ಚಪ್ಪಡಿಗಳನ್ನು ಸಾಕಿದರು. ಮುಂದಿನ ಸರದಿಗೂ ಬೂದಿ ಬೇಕಲ್ಲ ಎಂದು ಒಲೆಯಲ್ಲಿ ಅದೇ ಬಿಳಿ ಉರಿ ಇಟ್ಟಿದ್ದ ಬಾಯ್ಲರಣ್ಣನೂ ಬಿಡುವಿದ್ದ ದಿನ ಬಂದು ಪೈಪ್ ಹಿಡಿದ. ಮುಂದಿನ ಕೆಲಸದ ರೂಢಿಯಾಗಲಿ ಅಂದ. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಒದ್ದೆ ಗೋಣಿಗಳ ನಡುವೆ ಅವನು ನಿಂತಿದ್ದನ್ನು ಬೂದಿಯಕ್ಕ ದೂರದಿಂದಲೇ ನೋಡಿದಳು. ಆ ಅಷ್ಟು ಹೊತ್ತೂ ಅವನು ಒಮ್ಮೆಯೂ ಕೆಮ್ಮಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಬಾಯಿ ಬಿಟ್ಟರೆ ದೃಷ್ಟಿಯಾದೀತು ಎಂದು ಹೆದರಿ.

ಪರೀಕ್ಷೆಯ ದಿನ ಮೇಡಂ ಊರಿನಿಂದ ನೇರವಾಗಿ ಅಂಗಳಕ್ಕೇ ಬಂದಳು. ಧಣಿ ಬಂದ, ನಗರಸಭೆಯವರೂ ಬಂದರು. ಬಾಯ್ಲರಣ್ಣನಿಗೆ ಪಾಳಿ ಇತ್ತು, ಬರಲಾಗಲಿಲ್ಲ. ಒಂದು ಚಪ್ಪಡಿಯನ್ನು ಎರಡು ದಿಮ್ಮಿಗಳ ಮೇಲೆ ಅಡ್ಡಲಾಗಿಟ್ಟು ಮರಳಿನ ಮೂಟೆ ಹೇರುತ್ತಾ ಬಂದರು. ಬಂಡಿ ಹತ್ತಿದರೂ ತಡೆಯಬೇಕು ಎಂಬುದು ಲೆಕ್ಕ. ಬಂಡಿಯ ಮಾತು ಹಾಗಿರಲಿ, ಮೂಟೆಗಳು ಇನ್ನೂ ಅರ್ಧವೂ ಏರಿರಲಿಲ್ಲ, ನಡುವಿನಲ್ಲಿ ಸದ್ದಿಲ್ಲದೆ ಒಂದು ಗೆರೆ ಮೂಡಿತು. ಮೂಟೆ ಇಡುತ್ತಿದ್ದವನು ಹಿಂದೆ ಹಾರಿದ. ಚಪ್ಪಡಿ ಎರಡು ಹೋಳಾಗಿ ಕಂಬಿಯಲ್ಲಿ ಜೋತಾಡಿತು.

ಇನ್ನೊಂದು ಇಡಿ ಅಂದಳು ಮೇಡಂ. ಇಟ್ಟರು. ಅದೂ ಹೋಯಿತು. ಮೂರನೆಯದಕ್ಕೆ ಕೈ ಹಾಕಿದಾಗ ನಗರಸಭೆಯವರು ಗಡಿಯಾರ ನೋಡಿಕೊಂಡರು. ಧಣಿ ಒಡೆದ ಅಂಚನ್ನು ಉಗುರಿನಿಂದ ಕೆರೆದ. ಮೆತ್ತಗೆ ಪುಡಿ ಉದುರಿತು. ಅವನು ಬೆರಳು ಒರೆಸಿಕೊಂಡು, ಬೇಸರದ ಮುಖ ಮಾಡಿ, ನಗರಸಭೆಯವರನ್ನು ಕಾರಿನವರೆಗೆ ಕಳಿಸಲು ಹೋದ.

ಬೂದಿಯಕ್ಕ ನಿಂತಲ್ಲೇ ನಿಂತಿದ್ದಳು. ಮೇಡಂ ಉಳಿದಿದ್ದ ಬೂದಿಯ ಚೀಲ ಬಿಚ್ಚಿಸಿದಳು. ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದಳು, ಬಿಸಿಲಿಗೆ ಹಿಡಿದಳು. ಅವಳ ಮುಖ ಇಳಿಯಿತು.

"ಇಷ್ಟು ಬೆಳ್ಳಗೆ ಯಾಕಿದೆ ಅಕ್ಕ?"

"ನೀವೇ ಅಂದ್ರಲ್ಲ ಮೇಡಂ. ಚೆನ್ನಾಗಿ ಸುಡಬೇಕು ಅಂತ."

"ಚೆನ್ನಾಗಿ ಅಂದ್ರೆ ಹದವಾಗಿ ಅಂತ ಅಂದೆ ಅಕ್ಕ. ಮಂದ ಉರೀಲಿ, ನಿಧಾನಕ್ಕೆ, ಕಪ್ಪು ಹೋಗೋವರೆಗೆ ಅಷ್ಟೇ. ಅದಕ್ಕಿಂತ ಜಾಸ್ತಿ ಕಾಯಿಸಿದ್ರೆ ಬೂದಿ ಸತ್ತುಹೋಗುತ್ತೆ. ಸಿಮೆಂಟಿನ ಸುಣ್ಣದ ಜೊತೆ ಸೇರಿ ಗಟ್ಟಿ ಆಗೋ ಗುಣವೇ ಇರಲ್ಲ, ಬರೀ ನುಣ್ಣನೆ ಮರಳು. ನೀರು ಕುಡೀಲಿಲ್ಲ ಅಲ್ವಾ?"

"ಕುಡೀಲಿಲ್ಲ" ಅಂದಳು ಬೂದಿಯಕ್ಕ.

"ನಾನು ಹದವಾಗಿ ಅನ್ಬೇಕಿತ್ತು. ಬಸ್ಸು ಹತ್ತೋ ಗಡಿಬಿಡೀಲಿ..." ಮೇಡಂ ಅಲ್ಲಿಗೆ ನಿಲ್ಲಿಸಿ ಅಂಗೈಯನ್ನು ಕರವಸ್ತ್ರದಿಂದ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. "ಇನ್ನೊಂದು ಅಕ್ಕ. ಈ ಬಿಳಿ ಬೂದಿ ಹತ್ರ ಯಾರೂ ನಿಲ್ಲೋದು ಬೇಡ. ಮೊದಲಿನದ್ದಕ್ಕಿಂತ ಇದರ ಧೂಳು ಕೆಟ್ಟದ್ದು. ಎದೆಯೊಳಗೆ ಹೋದ್ರೆ ಹೊರಗೆ ಬರಲ್ಲ. ಯಾರು ಇದನ್ನ ಸುಟ್ಟಿದ್ದು?"

ಯಾರು ಎಂದು ಮೇಡಂಗೆ ಗೊತ್ತಿತ್ತು. ಕೇಳಿದ ಮೇಲೆ ನೆನಪಾಯಿತು, ಬಾಯಿ ಮುಚ್ಚಿಕೊಂಡಳು. ಆ ಮಾತನ್ನು ಫೋನಿನಿಂದ ಮನೆಗೆ ಹೊತ್ತುಕೊಂಡು ಹೋದವಳು ಬೂದಿಯಕ್ಕನೇ. ಒಂದಕ್ಷರವನ್ನೂ ಬದಲಾಯಿಸದೆ ಹೊತ್ತುಕೊಂಡು ಹೋಗಿದ್ದಳು.

ಆದರೂ ಆಸೆ ಎಂಬುದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಒಂದು ಸಲ ಬೂದಿ ಕೆಟ್ಟಿತು, ಇನ್ನೊಂದು ಸಲ ಹದವಾಗಿ ಸುಟ್ಟರಾಯಿತು. ತಪ್ಪು ಎಲ್ಲಿ ಎಂದು ಗೊತ್ತಾಯಿತಲ್ಲ, ಅದೇ ದೊಡ್ಡದು. ಹೀಗೆಲ್ಲ ತನಗೆ ತಾನೇ ಹೇಳಿಕೊಂಡು, ಮೇಡಂ ಜೊತೆ ಅವಳು ಧಣಿಯ ಕೋಣೆಗೆ ಹೋದಳು. ಧಣಿ ಎಂದಿನಂತೆ ಕುರ್ಚಿ ತೋರಿಸಿದ. ಮೇಡಂ ಎಲ್ಲ ಬಿಡಿಸಿ ಹೇಳಿದಳು. ತಪ್ಪು ನನ್ನ ಮಾತಿನದು, ಮಂದ ಉರಿಯಲ್ಲಿ ಸುಟ್ಟರೆ ಚಪ್ಪಡಿ ನಿಂತೇ ನಿಲ್ಲುತ್ತದೆ, ಇನ್ನೊಂದೇ ಅವಕಾಶ ಕೊಡಿ ಅಂದಳು. ಧೂಳಿನ ವಿಷಯವನ್ನೂ ಹೇಳಿದಳು.

ಧಣಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕುರ್ಚಿಗೆ ಒರಗಿ ನಕ್ಕ. ಖುಷಿಯ ನಗು.

"ಓ, ಇದಾ ವಿಷಯ? ನಾನೂ ಯೋಚನೆ ಮಾಡ್ತಿದ್ದೆ, ಬಾಯ್ಲರಿಗೆ ಏನು ಬಂತು ಅಂತ. ಹಬೆ ಯಾವತ್ತೂ ಇಷ್ಟು ಜೋರಾಗಿ ಬಂದಿರ್ಲಿಲ್ಲ. ಭತ್ತ ಬೇಯೋದು ಬೇಗ, ಹೊಟ್ಟು ಖರ್ಚಾಗೋದು ಕಡಿಮೆ. ಹಿತ್ತಲಲ್ಲಿ ಹೊಟ್ಟು ಉಳೀತಾ ಇದೆ, ಇಟ್ಟಿಗೆ ಗೂಡಿನವರು ಬಂದು ಕೇಳ್ತಿದ್ದಾರೆ." ಬೂದಿಯಕ್ಕನ ಕಡೆ ತಿರುಗಿದ. "ನಿನ್ನ ಗಂಡನ ಹತ್ರ ಇಂಥ ಕೈ ಇದೆ ಅಂತ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ ನೋಡು."

"ಧಣಿ, ಮಂದ ಉರಿ..."

"ಮಂದ ಉರಿ ಹಾಕಿದ್ರೆ ನನ್ನ ಗಿರಣಿ ಮಂದ ಆಗುತ್ತೆ ತಾಯಿ. ನಾನು ಗಿರಣಿ ನಡೆಸೋದು ಅಕ್ಕಿಗೆ, ಬೂದಿಗಲ್ಲ. ಬೂದಿಗೂ ದಾರಿ ಆಯ್ತು, ಆಚೆ ತಗ್ಗಿನ ಜಾಗ ತುಂಬಿಸೋಕೆ ಒಪ್ಪಿಗೆ ಸಿಕ್ಕಿದೆ. ಅಂಗಳ ಗಿಂಗಳ ಇನ್ನು ಬೇಡ."

"ಅಂಗಳ ಬೇಡ ಬಿಡಿ" ಅಂದಳು ಬೂದಿಯಕ್ಕ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಅವರನ್ನ ಮಾತ್ರ ಬಿಟ್ಕೊಡಿ. ಗೇಟ್ ಕಾಯೋಕೆ ಹಾಕಿ, ಮೂಟೆ ಎಣಿಸೋಕೆ ಹಾಕಿ. ಹೊಟ್ಟು ನೂಕೋ ಕೆಲಸ ಯಾರಾದ್ರೂ ಮಾಡ್ತಾರೆ ಅಂದಿದ್ರಿ."

"ಅಂದಿದ್ದೆ. ಆಗ ಗೊತ್ತಿರ್ಲಿಲ್ಲವಲ್ಲ. ಈಗ ಅವನನ್ನ ಬಿಟ್ಟರೆ ಇನ್ನೊಬ್ಬ ಎಲ್ಲಿ ಸಿಗ್ತಾನೆ? ಇವತ್ತಿಂದ ಎರಡೂ ಬಾಯ್ಲರ್ ಅವನ ಕೈಯಲ್ಲೇ. ಈಗಷ್ಟೇ ಹೋಗಿ ಹೇಳಿ ಬಂದೆ. ಮೂಗಿಗೆ ಬಟ್ಟೆ ಕಟ್ಕೋ ಅಂತ ನೀನೂ ಹೇಳು." ಧಣಿ ಎದ್ದು ನಿಂತ. ಸಾಲದೆಂದು, ಕಳಿಸುವಾಗ ಬಾಗಿಲನ್ನೂ ಅವನೇ ತೆರೆದ.

ದಾರಿಯಲ್ಲಿ ಮೇಡಂ ಏನೇನೋ ಹೇಳುತ್ತಿದ್ದಳು. ಬೇರೆ ಗಿರಣಿ, ಬೇರೆ ಊರು, ಮುಂದಿನ ವರ್ಷ. ಬೂದಿಯಕ್ಕ ಹೂಂ ಅಂದಳು. ಬೀದಿಯ ತುದಿಯಲ್ಲಿ ಮೇಡಂ ಅಳುತ್ತಿದ್ದಾಳೆ ಎಂದು ಗೊತ್ತಾದಾಗ ಅವಳ ಭುಜ ತಟ್ಟಿ, "ನೀವು ಹೋಗಿ ಮೇಡಂ, ಬಸ್ಸು ತಪ್ಪುತ್ತೆ" ಅಂದಳು.

ಮನೆಯಲ್ಲಿ ಬಾಯ್ಲರಣ್ಣ ಪಾಳಿಯ ನಡುವೆ ಊಟಕ್ಕೆ ಬಂದಿದ್ದ. ಚಪ್ಪಡಿ ಒಡೆದ ಸುದ್ದಿ ಆಗಲೇ ಬೀದಿ ಮುಟ್ಟಿತ್ತು. ಅವನು ಹೆಂಡತಿಯನ್ನು ಕಂಡದ್ದೇ ಅರ್ಧ ಊಟದಿಂದ ಎದ್ದು ಎಡಗೈಯಲ್ಲೇ ನೀರಿನ ಲೋಟ ತಂದುಕೊಟ್ಟ. ಹಾಗೆ ಮಾಡಿದವನಲ್ಲ ಅವನು.

"ಹೋಗ್ಲಿ ಬಿಡೇ. ಒಡೆದ್ರೆ ಒಡೀತು. ಕಲಸೋದ್ರಲ್ಲಿ ಹೆಚ್ಚುಕಡಿಮೆ ಆಗಿರುತ್ತೆ. ಯಾರಿಗೆ ಆಗಲ್ಲ?" ಅಂದ. ಅವಳನ್ನು ಸಮಾಧಾನ ಮಾಡುವ ಹೊತ್ತಿನಲ್ಲೂ ತಡೆಯಲಾರದ ಒಂದು ಸಂತೋಷ ಅವನ ಮುಖದಲ್ಲಿ ಆಡುತ್ತಿತ್ತು. "ಇಲ್ಲಿ ಕೇಳು. ಧಣಿ ಇವತ್ತು ಬಾಯ್ಲರ್ ಕೋಣೆಗೇ ಬಂದಿದ್ರು. ಎಲ್ಲರ ಮುಂದೆ ನನ್ನ ಹೆಗಲ ಮೇಲೆ ಕೈ ಇಟ್ರು. ಎರಡೂ ಬಾಯ್ಲರ್ ನಿಂದೇ ಅಂದ್ರು. ನೀನು ಚೆನ್ನಾಗಿ ಸುಡು ಅಂದಿದ್ದಕ್ಕೆ ತಾನೆ ಇದೆಲ್ಲ ಆಗಿದ್ದು?"

ಮುದುಕಿ ಮೂಲೆಯಿಂದ, "ನನ್ನ ಮಗ ಮೇಸ್ತ್ರಿ ಆದ" ಅಂದಳು. ಸೊಸೆಯ ಮುಖ ನೋಡಿ ಮತ್ತೆ ಗೋಣಿಚೀಲ ಎಳೆದುಕೊಂಡಳು.

ಬೂದಿಯಕ್ಕ ನೀರು ಕುಡಿದಳು. ಹೇಳದೆ ಇದ್ದುಬಿಡೋಣ ಅನ್ನಿಸಿತು. ಹೇಳಿ ಯಾವ ಸೌಭಾಗ್ಯ? ಚಪ್ಪಡಿ ಕೂಡುವುದಿಲ್ಲ, ಧಣಿ ಬಿಡುವುದಿಲ್ಲ. ಅವನ ಮುಖದ ಮೇಲಿನ ಬೆಳಕೊಂದು ಆರುತ್ತದೆ, ಅಷ್ಟೇ. ತಪ್ಪು ತನ್ನ ಕೈಯದ್ದೇ ಎಂದು ಒಪ್ಪಿಕೊಂಡು ಬಿಟ್ಟರೆ ಮುಗಿಯಿತು. ಆದರೆ ಅಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಗೋಡೆ ಹಿಡಿದು, ಬಗ್ಗಿ, ಉಸಿರು ಸಿಗದೆ ಕೆಮ್ಮಿದ. ಅವಳ ಕಣ್ಣಿಗೆ ಆ ಕರಿ ಹಾಳೆ ಬಂತು. ಹೇಳಿಬಿಟ್ಟಳು. ಬಿಳಿ ಬೂದಿ ಸತ್ತ ಬೂದಿ ಎಂಬುದನ್ನು, ಚಪ್ಪಡಿ ಒಡೆದದ್ದು ಅದಕ್ಕೇ ಎಂಬುದನ್ನು, ಆ ಧೂಳು ಎದೆಗೆ ಹೋದರೆ ಬರುವುದಿಲ್ಲ ಎಂಬುದನ್ನು, ಮೇಡಂ ಹೇಳಿದ ಮಾತು ಏನಾಗಿತ್ತು, ತಾನು ತಂದ ಮಾತು ಏನಾಯಿತು ಎಂಬುದನ್ನು. ಹೇಳುತ್ತಾ ಹೇಳುತ್ತಾ ಅತ್ತಳು.

ಬಾಯ್ಲರಣ್ಣ ಗೋಡೆಗೆ ಒರಗಿ ಕೂತು ಕೇಳಿದ. ಕೈಯಲ್ಲಿ ಅನ್ನ ಒಣಗುತ್ತಿತ್ತು. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಇವತ್ತೇ ಹೇಳ್ಬೇಕಿತ್ತಾ ನೀನು?" ಅಂದ ಕೊನೆಗೆ. "ಹೆಗಲ ಮೇಲೆ ಕೈ ಇಟ್ಟಿದ್ದು ಇವತ್ತು ಕಣೇ. ನಾಳೆ ಹೇಳಬಹುದಿತ್ತು."

ಅವಳು ಅವನ ಮುಂದೆ ಕುಕ್ಕರಿಸಿ ಅವನ ಮೊಣಕಾಲು ಹಿಡಿದುಕೊಂಡಳು. "ಉರಿ ಇಳಿಸಿಬಿಡಿ ರೀ. ಇವತ್ತಿಂದಲೇ ಇಳಿಸಿ. ಮೊದಲು ಹೇಗೆ ಹಾಕ್ತಿದ್ರೋ ಹಾಗೆ ಹಾಕಿ, ದೂರ ಕೂತು ಬೀಡಿ ಸೇದಿ. ಬೇಕಾದ್ರೆ ಹಗಲೆಲ್ಲ ಸೇದಿ, ನಾನೇನೂ ಅನ್ನಲ್ಲ."

"ಇಳಿಸಿದ್ರೆ ಹಬೆ ಇಳಿಯುತ್ತೆ. ಧಣಿ ಯಾಕೆ ಅಂತಾರೆ. ಏನು ಹೇಳ್ಲಿ?"

"ಮೊದಲು ಇಷ್ಟೇ ಬರ್ತಿತ್ತಲ್ಲ ಅನ್ನಿ."

"ಮೊದಲು ಅವರಿಗೆ ಗೊತ್ತಿರ್ಲಿಲ್ಲ ಕಣೇ" ಅಂದ ಬಾಯ್ಲರಣ್ಣ. ತಟ್ಟೆಯಲ್ಲೇ ಕೈ ತೊಳೆದುಕೊಂಡ. "ಆ ಬಾಯ್ಲರ್ ಎಷ್ಟು ಉರಿಯುತ್ತೆ ಅಂತ ಅವರಿಗೆ ತೋರಿಸಿದವನು ನಾನೇ."

ಎದ್ದು ಹೆಗಲಿನ ಟವೆಲನ್ನು ತೆಗೆದು ಮೂಗುಬಾಯಿಗೆ ಕಟ್ಟಿಕೊಂಡ. ಗಂಟು ಬಿಗಿಯಲು ಕೈ ಹಿಂದೆ ಹೋಗಲಿಲ್ಲ. ಅವಳು ಎದ್ದು ಕಟ್ಟಿದಳು. ಅಷ್ಟು ಬಟ್ಟೆಗೆ ಆ ಧೂಳು ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಎರಡು ಗಂಟು ಹಾಕಿದಳು. ಪಾಳಿಯ ಸೈರನ್ ಕೂಗಿತು. ಅವನು ಚಪ್ಪಲಿ ಮೆಟ್ಟಿಕೊಂಡು ಹೊಸಿಲು ದಾಟಿದ.

ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಮೂಲೆಯಿಂದ, "ಹೋದನಾ?" ಅಂತ ಕೇಳಿದಳು.

"ಹೋದ್ರು ಅತ್ತೆ" ಅಂದಳು ಬೂದಿಯಕ್ಕ, ತಟ್ಟೆ ಎತ್ತಿಕೊಳ್ಳುತ್ತಾ.